ಕಂಬಳಿ ಹೊದ್ದ ಡಬರಿ

ಹೋಟೆಲು ಶುರುವಾದ ಹೊಸದರಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಈಗ ಕುರ್ಚಿಗಳೇ ಒಂದರ ಮುಖ ಒಂದು ನೋಡುತ್ತಾ ಕೂತಿದ್ದವು. ಅಡುಗೆ ಅದೇ, ಕೈ ಅದೇ, ಉಪ್ಪು ಖಾರ ಅದೇ. ತಿನ್ನುವ ಬಾಯಿ ಮಾತ್ರ ಇಲ್ಲ.

"ನಮ್ಮ ಹೋಟೆಲಿನ ಮೇಲೆ ಯಾರದೋ ಕಣ್ಣು ಬಿದ್ದಿದೆ ಅಕ್ಕ," ಎಂದ ತಮ್ಮ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾ.

"ಕಣ್ಣು ಬಿದ್ರೆ ಬೀಳ್ಲಿ ಬಿಡೋ," ಎಂದಳು ಅಕ್ಕ. "ಯಾರದಾದ್ರೂ ಕಾಲು ಒಳಗೆ ಬಿದ್ರೆ ಸಾಕಾಗಿದೆ."

ನಗಲು ಹೋಗಿ ಇಬ್ಬರಿಗೂ ನಗು ಬರಲಿಲ್ಲ.

ನೆಂಟರಿಷ್ಟರಲ್ಲಿ ಅವಳನ್ನು ಎಲ್ಲರೂ ಕರೆಯುವುದು ದೊಡ್ಡಕೈ ಅಕ್ಕ ಎಂದು. ಯಾರ ಮನೆಯಲ್ಲಿ ಮದುವೆಯಾಗಲಿ, ಮಗು ಹುಟ್ಟಲಿ, ಸೌಟು ಅವಳ ಕೈಗೇ. ಹತ್ತು ಜನಕ್ಕೆ ಮಾಡು ಎಂದರೆ ಇಪ್ಪತ್ತು ಜನ ಉಂಡು ಮಿಗುವಷ್ಟು ಮಾಡುವವಳು. ತಿಂದವರೆಲ್ಲ ಕೈ ತೊಳೆಯುತ್ತಾ ಹೇಳುತ್ತಿದ್ದ ಮಾತು ಒಂದೇ: "ನಿನ್ನ ಕೈರುಚಿಗೆ ನೀನೊಂದು ಹೋಟೆಲ್ ಇಡಬೇಕು ಕಣೇ." ಪುಕ್ಕಟೆ ಊಟಕ್ಕೆ ಹೊಗಳಿಕೆಯೂ ಪುಕ್ಕಟೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ತಮ್ಮ ಬಸ್ಸು ಓಡಿಸುತ್ತಿದ್ದವನು. ಬೆನ್ನುನೋವು ಬಂದು ಆ ಕೆಲಸ ಬಿಟ್ಟ ಮೇಲೆ ಅಕ್ಕನ ಸೌಟನ್ನೂ ತನ್ನ ಉಳಿತಾಯವನ್ನೂ ಒಟ್ಟುಗೂಡಿಸಿ ಈ ಹೋಟೆಲು ತೆಗೆದ. ಇದು ಮುಳುಗಿದರೆ ಎರಡು ಮನೆ ಒಟ್ಟಿಗೇ ಮುಳುಗುತ್ತವೆ. ಆದರೆ ಅಕ್ಕನನ್ನು ಒಳಗೊಳಗೇ ಕೊರೆಯುತ್ತಿದ್ದ ಚಿಂತೆ ಅದಕ್ಕಿಂತ ದೊಡ್ಡದು. ನನ್ನ ಕೈಯಡುಗೆ ಜನಕ್ಕೆ ಬೇಡವಾಯಿತೇ? ಯಾಕೆ?

ತಮ್ಮನಿಗೆ ಇದ್ದದ್ದು ಒಂದೇ ದೋಷ. ಅವನ ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟುತ್ತಿರಲಿಲ್ಲ. ಯಾರಾದರೂ "ಮೀನಿಲ್ವಾ?" ಎಂದರೆ ಮರುದಿನ ಬೋರ್ಡಿನಲ್ಲಿ ಮೀನು. "ನೂಡಲ್ಸ್ ಇಲ್ವಾ?" ಎಂದರೆ ಸಂಜೆಗೇ ನೂಡಲ್ಸು. ಬೋರ್ಡಿನಲ್ಲಿ ಜಾಗ ಮುಗಿದ ಮೇಲೆ ಗೋಡೆಯ ಮೇಲೆ ಬರೆಯತೊಡಗಿದ. ಗಿರಾಕಿ ಕಡಿಮೆಯಾದಷ್ಟೂ ಬೋರ್ಡು ಉದ್ದವಾಯಿತು. ಫ್ರಿಜ್ಜು ತುಂಬಿ ಬಾಗಿಲು ಹಾಕಲು ಮೊಣಕಾಲು ಕೊಟ್ಟು ಒತ್ತಬೇಕಾಗುತ್ತಿತ್ತು.

ಇಷ್ಟು ಬಗೆಯ ಅಡುಗೆಗೂ ತಾಯಿಬೇರು ಒಂದೇ. ಅದು ಅಕ್ಕನ ಕೋಳಿ ಗ್ರೇವಿ. ಅದನ್ನೇ ಸ್ವಲ್ಪ ತೆಳ್ಳಗೆ ಮಾಡಿದರೆ ಸೂಪು, ಮೊಟ್ಟೆ ಹಾಕಿದರೆ ಮೊಟ್ಟೆಯದು, ಅನ್ನಕ್ಕೆ ಕಲಸಿದರೆ ಇನ್ನೊಂದು. ಪ್ರತಿದಿನ ಸಂಜೆ ಅವಳು ಅದನ್ನು ಹೋಟೆಲಿನ ಅತಿ ದೊಡ್ಡ ಪಾತ್ರೆಯಲ್ಲಿ, ಮಗುವೊಂದು ಕೂತು ಸ್ನಾನ ಮಾಡಬಹುದಾದಂಥ ಡಬರಿಯಲ್ಲಿ, ಕುದಿಸಿ ಇಳಿಸುತ್ತಿದ್ದಳು. ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ದಪ್ಪ ಕಂಬಳಿ ಹೊದಿಸಿ, ಸುತ್ತ ಸಿಕ್ಕಿಸಿ, ಮಗುವನ್ನು ಮಲಗಿಸಿದ ಹಾಗೆ ಒಮ್ಮೆ ತಟ್ಟಿ ಮನೆಗೆ ಹೋಗುತ್ತಿದ್ದಳು. ಅವಳ ಅಮ್ಮ ಹಾಗೆ ಮಾಡುತ್ತಿದ್ದಳು. ಅಪ್ಪ ಕೆಲಸದಿಂದ ತಡವಾಗಿ ಬಂದಾಗ ಕಂಬಳಿ ಸರಿಸಿ ಬಿಸಿ ಊಟ ಬಡಿಸುತ್ತಿದ್ದಳು. ಪ್ರೀತಿಯಿಂದ ಕಲಿತ ಪಾಠದಲ್ಲಿ ತಪ್ಪಿರಬಹುದೆಂದು ಯಾರಿಗೆ ಅನುಮಾನ ಬರುತ್ತದೆ?

ಹೋಟೆಲಿನ ಪಕ್ಕದ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡುವ ಮುದುಕನೊಬ್ಬನಿದ್ದ. ಬೀದಿಗೆಲ್ಲ ಅವನು ಬೀಗದ ತಾತ. ಹೋಟೆಲಿನ ಮೊದಲ ಗಿರಾಕಿ ಅವನೇ, ಈಗ ಉಳಿದ ನಾಲ್ಕು ಜನರಲ್ಲಿಯೂ ಅವನೊಬ್ಬ. ಮಧ್ಯಾಹ್ನ ಅನ್ನ ಗ್ರೇವಿ ಉಂಡು, "ಹೇಗಿದೆ ತಾತ?" ಎಂದು ಅಕ್ಕ ಕೇಳಿದರೆ, "ಬಹಳ ಚೆನ್ನಾಗಿದೆ ಮಗಳೇ" ಎನ್ನುತ್ತಿದ್ದ. ಆ ಒಂದು ಮಾತಿನ ಬಲದ ಮೇಲೆ ಅವಳು ಮರುದಿನದ ಒಲೆ ಹಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಗೂಡಂಗಡಿಯ ಬಾಗಿಲು ತೆರೆದಿರಲಿಲ್ಲ. ಆ ತಾತ ಮಳೆಗೂ ಚಳಿಗೂ ಅಂಗಡಿ ಮುಚ್ಚಿದವನಲ್ಲ. ಹುಷಾರಿಲ್ಲವೇನೋ ಎಂದು ಅಕ್ಕನಿಗೆ ಅನ್ನಿಸಿತು. ಡಬರಿಯ ಕಂಬಳಿ ಸರಿಸಿ, ಮೇಲಿನಿಂದ ಒಂದಿಷ್ಟು ಗ್ರೇವಿ ತೆಗೆದು ಬಿಸಿ ಮಾಡಿ, ಅನ್ನದ ಜೊತೆ ಡಬ್ಬಿಗೆ ತುಂಬಿಕೊಂಡು ಹಿಂದಿನ ಬೀದಿಯ ಅವನ ಮನೆಗೆ ಹೋದಳು.

ಬಾಗಿಲು ತೆರೆದದ್ದು ತಾತನ ಹೆಂಡತಿ. ಸಣ್ಣ ದೇಹ, ದೊಡ್ಡ ದನಿ.

"ಅಜ್ಜಿ, ತಾತ ಅಂಗಡಿ ತೆಗೆದಿಲ್ಲ. ಅದಕ್ಕೆ ಒಂಚೂರು ಬಿಸಿ ಊಟ ತಂದೆ."

ಅಜ್ಜಿ ಡಬ್ಬಿ ನೋಡಿದಳು. ಅಕ್ಕನ ಮುಖ ನೋಡಿದಳು.

"ಹೋಟೆಲಿಂದಾ?"

"ಹೂಂ ಅಜ್ಜಿ."

"ಅದನ್ನ ತಿಂದೇ ಹುಷಾರು ತಪ್ಪಿರೋದು. ತೊಗೊಂಡು ಹೋಗಮ್ಮ."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. "ಏನಜ್ಜಿ ಹೀಗಂತೀರಾ? ನನ್ನ ಕೈಯಡುಗೆ ತಿಂದು ಇವತ್ತಿನವರೆಗೂ ಯಾರಿಗೂ..."

"ಯಾರಿಗೂ ಏನೂ ಆಗಿಲ್ಲ ಅಂತ ನಿನಗೆ ಹೇಳಿದ್ಯಾರು? ಆದವರು ನಿನ್ನತ್ರ ಬಂದು ಹೇಳ್ತಾರಾ? ಇವರಿಗೇ ಇದು ಮೂರನೇ ಸಲ. ಹೋಗಬೇಡಿ ಅಂದ್ರೆ ಕೇಳಲ್ಲ. 'ಪಾಪ ಆ ಹುಡುಗಿ, ನಾನೂ ಬಿಟ್ರೆ ಯಾರು ಹೋಗ್ತಾರೆ' ಅಂತಾರೆ. ನಿನ್ನನ್ನ ಪಾಪ ಅನ್ನೋಕೆ ಹೋಗಿ ತಮ್ಮ ಹೊಟ್ಟೆ ಹಾಳು ಮಾಡ್ಕೊಂಡ್ರು."

ಒಳಗೆ ಚಾಪೆಯ ಮೇಲೆ ತಾತ ಮುದುಡಿ ಮಲಗಿದ್ದ. ಹಿಂದಿನ ಸಂಜೆಯಿಂದ ವಾಂತಿ, ಭೇದಿ. ಅಜ್ಜಿ ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸಿದ್ದಳು, ಅದೂ ನಿಲ್ಲುತ್ತಿರಲಿಲ್ಲ. ಅವನ ಕಣ್ಣುಗಳು ಒಳಕ್ಕೆ ಇಳಿದಿದ್ದವು, ತುಟಿ ಒಣಗಿ ಬಿರಿದಿತ್ತು. ಅಕ್ಕನನ್ನು ನೋಡಿ ಕೈ ಎತ್ತಲು ಹೋದವನಿಗೆ ಕೈ ಎತ್ತಲಾಗಲಿಲ್ಲ. ಅವಳ ಸಿಟ್ಟು ಅಲ್ಲೇ ಕರಗಿ, ಆ ಜಾಗದಲ್ಲಿ ಭಯ ಬಂದು ಕೂತಿತು.

ಅವಳು ಹೋಟೆಲಿಗೆ ಓಡಿ ಹೇಳಿದ ಕೂಡಲೇ ತಮ್ಮ ಯಾರದೋ ವ್ಯಾನು ಕೇಳಿ ತಂದ. ಬೆನ್ನುನೋವು ಮರೆತು ತಾತನನ್ನು ಮಗುವಿನ ಹಾಗೆ ಎತ್ತಿ ಒಳಗೆ ಮಲಗಿಸಿದ. ಆಸ್ಪತ್ರೆಯ ಬೆಂಚಿನ ಮೇಲೆ ಒಂದು ತುದಿಯಲ್ಲಿ ಅಜ್ಜಿ, ಇನ್ನೊಂದು ತುದಿಯಲ್ಲಿ ಅಕ್ಕ. ನಡುವೆ ಯಾರೂ ಕೂರಲಿಲ್ಲ. ತಾತನಿಗೆ ಏನಾದರೂ ಆದರೆ ಈ ಕೈಯಿಂದ ಮತ್ತೆ ಸೌಟು ಹಿಡಿಯಲಾರೆ ಎಂದು ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಹೋಟೆಲು ಹಾಳಾಗಲಿ, ಮುದುಕ ಬದುಕಲಿ.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು. "ಮೈಯಲ್ಲಿ ನೀರು ಬತ್ತಿಹೋಗಿತ್ತು. ಡ್ರಿಪ್ ಹಾಕಿದೀವಿ, ಈಗ ಮಾತಾಡ್ತಿದಾರೆ. ಇನ್ನು ಭಯ ಇಲ್ಲ. ಈ ವಯಸ್ಸಲ್ಲಿ ಇನ್ನಷ್ಟು ತಡ ಮಾಡಿದ್ರೆ ಕಷ್ಟ ಆಗ್ತಿತ್ತು."

ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಬೆಂಚಿನ ಆ ತುದಿಯಿಂದ ಅಜ್ಜಿ ಜೋರಾಗಿ ಉಸಿರು ಬಿಟ್ಟದ್ದು ಈ ತುದಿಗೆ ಕೇಳಿಸಿತು.

"ಇನ್ನೊಂದು ವಿಷಯ," ಎಂದರು ಡಾಕ್ಟರಮ್ಮ. "ನಿಮ್ಮ ಬೀದಿಯಿಂದ ಹೀಗೇ ಹೊಟ್ಟೆ ಕೆಟ್ಟು ಬೇರೆಯವರೂ ಬಂದಿದ್ರು. ಆಹಾರ ಇಲಾಖೆಗೆ ತಿಳಿಸಿದೀನಿ. ತಿಳಿಸಲೇಬೇಕು."

ಅಕ್ಕ ಒಳಗೆ ಹೋಗಿ ತಾತನ ಮಂಚದ ಪಕ್ಕ ನಿಂತಳು. "ನಂಗ್ಯಾಕೆ ಹೇಳ್ಲಿಲ್ಲ ತಾತ? ಮೊದಲನೇ ಸಲವೇ ಹೇಳಬಾರದಾಗಿತ್ತಾ?"

"ಹೇಗೆ ಹೇಳ್ಲಿ ಮಗಳೇ? ಅಷ್ಟು ಪ್ರೀತಿಯಿಂದ ಬಡಿಸ್ತೀಯ. ಹೊಟ್ಟೆನೋವು ಒಂದಿನ ಇದ್ದು ಹೋಗುತ್ತೆ. ನಿನ್ನ ಮನಸ್ಸು ನೋಯಿಸಿದ್ರೆ ಅದು ಹೋಗುತ್ತಾ?"

"ಈ ಮರ್ಯಾದೆಗಿಷ್ಟು ಬೆಂಕಿ ಹಾಕ," ಎಂದಳು ಅಜ್ಜಿ.

ಹೋಟೆಲಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಆ ದಿನ ಬಾಗಿಲು ತೆಗೆದಿರಲಿಲ್ಲ. ಡಬರಿ ಹಾಗೇ ಕಂಬಳಿ ಹೊದ್ದು ಕೂತಿತ್ತು. ತಮ್ಮ ಒಳಗೆ ಬಂದವನೇ ಕಂಬಳಿ ಕಿತ್ತೆಸೆದು ಡಬರಿಯ ಕಿವಿ ಹಿಡಿದ.

"ಹಿಡ್ಕೊಳ್ಳಕ್ಕ, ಚರಂಡಿಗೆ ಸುರಿಯೋಣ. ಇಲಾಖೆಯವರು ಬರೋಷ್ಟರಲ್ಲಿ ತಿಕ್ಕಿ ತೊಳೆದು ಬೋರಲು ಹಾಕಿಬಿಡೋಣ. ಏನೂ ಮಿಕ್ಕಿಲ್ಲ ಅಂದ್ರೆ ಅವರೇನು ಮಾಡ್ತಾರೆ?"

ಅಕ್ಕ ಡಬರಿ ಮುಟ್ಟಲಿಲ್ಲ.

"ಅಕ್ಕ! ಅಂಗಡಿಗೆ ಬೀಗ ಹಾಕ್ತಾರೆ ಕಣೇ!"

"ಇದನ್ನ ಸುರಿದ್ರೆ ತಾತನಿಗೆ ಏನಾಯ್ತು ಅಂತ ನನಗೇ ಗೊತ್ತಾಗಲ್ಲ," ಎಂದಳು ಅವಳು. "ಗೊತ್ತಾಗ್ದೆ ನಾಳೆ ಮತ್ತೆ ಒಲೆ ಹಚ್ಚಲಾ? ಮತ್ತ್ಯಾರನ್ನ ಮಲಗಿಸಲಿ? ಇರ್ಲಿ ಬಿಡು. ಬರೋರು ಬರ್ಲಿ, ನೋಡೋರು ನೋಡ್ಲಿ."

ತಮ್ಮ ತಲೆಯ ಮೇಲೆ ಕೈಹೊತ್ತು ಕೂತ. ಅವಳು ಕಂಬಳಿಯನ್ನು ಎತ್ತಿ ಮೊದಲಿದ್ದ ಹಾಗೆಯೇ ಹೊದಿಸಿದಳು.

ಅಂದೇ ಸಂಜೆಯೊಳಗೆ ಬಂದದ್ದು ಒಬ್ಬ ಮೇಡಂ. ಬೆನ್ನಿಗೊಂದು ಚೀಲ, ತಲೆಗೂದಲಿಗೆ ಬಿಗಿಯಾದ ಟೋಪಿ. ಆಹಾರ ಇಲಾಖೆಯವರೆಂದು ಹೇಳಿ, ಮೊದಲು ಕೇಳಿದ್ದು ಇಷ್ಟೇ: "ಕೈ ತೊಳೀಬೇಕಿತ್ತು. ಸೋಪ್ ಎಲ್ಲಿದೆ?"

ಅಕ್ಕ ತಮ್ಮನನ್ನು ನೋಡಿದಳು, ತಮ್ಮ ಅಕ್ಕನನ್ನು ನೋಡಿದ. ಅಡುಗೆಮನೆಯ ನಲ್ಲಿಯ ಹತ್ತಿರ ಸೋಪಿರಲಿಲ್ಲ. ತಮ್ಮ ಹಿಂದಿನ ಕೋಣೆಗೆ ಓಡಿ ಸವೆದ ಬಟ್ಟೆ ಸೋಪಿನ ತುಂಡೊಂದನ್ನು ತಂದುಕೊಟ್ಟ. ಮೇಡಂ ಅದರಲ್ಲೇ ಕೈ ತೊಳೆದುಕೊಂಡರು.

ಆಮೇಲೆ ಅವರ ಕಣ್ಣು ಡಬರಿಯ ಮೇಲೆ ಬಿತ್ತು. "ಇದಕ್ಯಾಕೆ ಕಂಬಳಿ? ಚಳಿಯಾಗುತ್ತಾ?"

"ನಿನ್ನೆ ಸಂಜೆ ಮಾಡಿದ್ದು ಮೇಡಂ. ಕೆಡಬಾರದು, ಬೆಚ್ಚಗಿರಲಿ ಅಂತ."

ಮೇಡಂ ಚೀಲದಿಂದ ಉದ್ದ ಕಡ್ಡಿಯ ಥರ್ಮಾಮೀಟರ್ ತೆಗೆದು, ಒರೆಸಿ, ಗ್ರೇವಿಯ ನಟ್ಟನಡುವೆ ಇಳಿಸಿದರು. ನೋಡಿದರು. ತಲೆಯಾಡಿಸಿದರು. "ಅಕ್ಕ, ಪಾತ್ರೆಯ ಹೊರಗಡೆ ಮುಟ್ಟಿ ನೋಡಿ. ಹೇಗಿದೆ?"

"ಉಗುರುಬೆಚ್ಚಗಿದೆ."

"ಮನೇಲಿ ಮೊಸರು ಮಾಡ್ತೀರಾ?"

ಇದೆಂಥ ಪ್ರಶ್ನೆ ಎಂದುಕೊಂಡಳು ಅಕ್ಕ. "ಮಾಡದೆ ಏನು ಮೇಡಂ."

"ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀರಾ?"

"ಛೆ, ಒಡೆದು ಹೋಗುತ್ತೆ."

"ಫ್ರಿಜ್ಜಿಂದ ತೆಗೆದ ತಣ್ಣನೆ ಹಾಲಿಗೆ?"

"ಹೆಪ್ಪು ಕೂರಲ್ಲ. ಹಾಲು ಉಗುರುಬೆಚ್ಚಗಿರ್ಬೇಕು. ಚಳಿ ಇದ್ರೆ ಮೇಲೊಂದು ಬಟ್ಟೆ..." ಅಕ್ಕನ ಮಾತು ಅಲ್ಲೇ ನಿಂತಿತು. ಅವಳು ಕಂಬಳಿಯನ್ನು ನೋಡಿದಳು. ಕೈ ತಾನಾಗಿ ಬಾಯಿಗೆ ಹೋಯಿತು.

"ಅಷ್ಟೇ," ಎಂದರು ಮೇಡಂ ಮೆಲ್ಲಗೆ. "ಮೊಸರು ಮಾಡೋ ಒಳ್ಳೆ ಕ್ರಿಮಿಗೂ ಹೊಟ್ಟೆ ಕೆಡಿಸೋ ಕೆಟ್ಟ ಕ್ರಿಮಿಗೂ ಇಷ್ಟವಾಗೋದು ಇದೇ ಬೆಚ್ಚನೆ. ನೀವು ಇಡೀ ಡಬರಿಗೆ ಹೆಪ್ಪು ಹಾಕಿದ ಹಾಗಾಗಿದೆ."

ಆದರೂ ಸುಮ್ಮನೆ ಒಪ್ಪಿಕೊಳ್ಳುವ ಪೈಕಿ ಅಲ್ಲ ಅವಳು. "ಆದ್ರೆ ಮೇಡಂ, ಬಡಿಸೋ ಮುಂಚೆ ಬಿಸಿ ಮಾಡ್ತೀನಲ್ಲ. ಕುದಿಸಿದ್ರೆ ಕ್ರಿಮಿ ಸಾಯಲ್ವಾ?"

"ಸಾಯುತ್ತೆ. ಆದ್ರೆ ಕೆಲವು ಕ್ರಿಮಿ ಸಾಯೋ ಮುಂಚೆ ವಿಷ ಬಿಟ್ಟು ಹೋಗುತ್ತೆ. ಅದು ಕುದಿಸಿದ್ರೂ ಹೋಗಲ್ಲ. ಕಳ್ಳ ಸತ್ತ ಅಂತ ಅವನು ಕದ್ದು ಮಾರಿದ ಒಡವೆ ಮನೆಗೆ ಬರುತ್ತಾ?"

"ವಾಸನೆ ನೋಡ್ತೀನಿ. ರುಚಿ ನೋಡ್ತೀನಿ. ಕೆಟ್ಟಿದ್ರೆ ನನಗೆ ಗೊತ್ತಾಗಲ್ವಾ?"

"ಹಳಸಿದ್ರೆ ಮೂಗಿಗೆ ಗೊತ್ತಾಗುತ್ತೆ. ಇದು ಮೂಗಿಗೆ ಗೊತ್ತಾಗಲ್ಲ, ನಾಲಿಗೆಗೂ ಗೊತ್ತಾಗಲ್ಲ. ಅದಕ್ಕೇ ಈ ಕಡ್ಡಿ ಇರೋದು."

"ನಮ್ಮಮ್ಮ ಹೀಗೇ ಇಡ್ತಿದ್ಲು," ಎಂದಳು ಅಕ್ಕ. "ನಮಗ್ಯಾರಿಗೂ ಏನೂ ಆಗ್ಲಿಲ್ಲ."

"ನಿಮ್ಮಮ್ಮನ ಪಾತ್ರೆ ಎಷ್ಟು ದೊಡ್ಡದಿತ್ತು?"

ಅಕ್ಕ ಎರಡು ಬೊಗಸೆ ಸೇರಿಸಿ ತೋರಿಸಿದಳು. "ಅಪ್ಪ ಬರೋವರೆಗೆ ಒಂದೆರಡು ಗಂಟೆ ಇಡ್ತಿದ್ಲು. ಅವರು ಉಂಡ್ರೆ ಖಾಲಿ."

"ನೋಡಿ, ಅಷ್ಟು ಹೊತ್ತು ಅದು ಬಿಸಿಯಾಗೇ ಇರ್ತಿತ್ತು. ಕೆಡೋಕೆ ಟೈಮೇ ಸಿಗ್ತಿರ್ಲಿಲ್ಲ. ತಪ್ಪು ನಿಮ್ಮಮ್ಮನದಲ್ಲ. ಮನೆ ಅಡುಗೆಯ ಪದ್ಧತೀನ ಹೋಟೆಲಿನ ಡಬರಿಗೆ ಹಾಕಿದ್ರಿ. ಇಷ್ಟು ದೊಡ್ಡ ಪಾತ್ರೆ ಒಳಗಿಂದ ಆರೋದು ಮಾರನೇ ದಿನಕ್ಕೂ ಮುಗಿಯಲ್ಲ. ಅಂದ ಹಾಗೆ, ಉಳಿದದ್ದನ್ನ ಮಾರನೇ ದಿನದ ಹೊಸದಕ್ಕೆ ಬೆರೆಸ್ತೀರಾ?"

"ಅನ್ನ ಚೆಲ್ಲಬಾರದು ಅಂತ..." ಎಂದಳು ಅಕ್ಕ.

ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ತಮ್ಮನಿಗೆ ತಡೆಯಲಾಗಲಿಲ್ಲ. "ಎಲ್ಲ ಸರಿ ಮೇಡಂ. ಆದ್ರೆ ಬಡವರು ಏನೋ ಒಂದು ಹೋಟೆಲ್ ಇಟ್ರೆ ನೂರೆಂಟು ರೂಲ್ಸು. ಅಲ್ಲಿ ಸೋಪು, ಇಲ್ಲಿ ಕಡ್ಡಿ. ರೂಲ್ಸ್ ಪಾಲಿಸ್ತಾ ಕೂತ್ರೆ ವ್ಯಾಪಾರ ಮಾಡೋದ್ಯಾವಾಗ?"

"ಮುಂಚೆ ಏನು ಕೆಲಸ ಮಾಡ್ತಿದ್ರಿ?"

"ಬಸ್ ಡ್ರೈವರು. ಒಂದೇ ಒಂದು ಆಕ್ಸಿಡೆಂಟ್ ಮಾಡಿಲ್ಲ," ಎಂದ ತಮ್ಮ, ಎದೆ ಒಂದಿಷ್ಟು ಮುಂದೆ ಬಂತು.

"ಬೆಳಿಗ್ಗೆ ಬ್ರೇಕ್ ನೋಡ್ದೆ ಬಸ್ ತೆಗೀತಿದ್ರಾ?"

"ಅದು ಹೇಗಾಗುತ್ತೆ ಮೇಡಂ! ಹಿಂದೆ ಅಷ್ಟು ಜನ ಕೂತಿರ್ತಾರೆ."

"ಇಲ್ಲಿ ಕೂತಿರೋರು?"

ತಮ್ಮನ ಎದೆ ಇದ್ದಲ್ಲಿಗೆ ಹಿಂದೆ ಹೋಯಿತು. ಖಾಲಿ ಕುರ್ಚಿಗಳ ಕಡೆ ನೋಡಿದ. ಅಲ್ಲಿ ತಾತ ಕೂರುತ್ತಿದ್ದ ಮೂಲೆಯ ಕುರ್ಚಿಯೂ ಇತ್ತು.

ಮೇಡಂ ಅವನ ಬೋರ್ಡನ್ನೂ ಗೋಡೆಯನ್ನೂ ಮೇಲಿಂದ ಕೆಳಗೆ ಓದಿದರು. ಓದಿ ಮುಗಿಸಲು ಸ್ವಲ್ಪ ಹೊತ್ತೇ ಹಿಡಿಯಿತು. "ಇಷ್ಟೆಲ್ಲ ಮಾಡ್ತೀರಾ?"

"ಯಾರೂ ಇಲ್ಲ ಅನ್ನಿಸ್ಕೊಂಡು ವಾಪಸ್ ಹೋಗಬಾರ್ದು ಅಂತ."

"ಇಲ್ಲ ಅನ್ನಿಸ್ಕೊಂಡು ಹೋದವನು ನಾಳೆ ಬರ್ತಾನೆ. ಹೊಟ್ಟೆ ಕೆಡಿಸ್ಕೊಂಡು ಹೋದವನು ಬರಲ್ಲ. ಮೀನು ವಾರಕ್ಕೆ ಎಷ್ಟು ಜನ ಕೇಳ್ತಾರೆ? ಒಬ್ರು. ಆ ಒಬ್ರಿಗೋಸ್ಕರ ಮೀನು ವಾರವೆಲ್ಲ ಫ್ರಿಜ್ಜಲ್ಲಿ ಕಾಯ್ತಾ ಕೂತಿರುತ್ತೆ. ಫ್ರಿಜ್ಜು ತುಂಬಿ ಗಾಳಿ ಆಡಲ್ಲ, ಯಾವುದೂ ಸರಿಯಾಗಿ ತಣ್ಣಗಾಗಲ್ಲ. ಹೊಸ ಹೋಟೆಲುಗಳು ಎಷ್ಟೋ ಹೀಗೇ ಮುಚ್ಚಿಹೋಗಿದ್ದನ್ನ ಕಣ್ಣಾರೆ ನೋಡಿದೀನಿ. ರುಚಿ ಇಲ್ದೆ ಅಲ್ಲ. ಮೊದಲು ಬೋರ್ಡು ಉದ್ದ ಆಗುತ್ತೆ, ಆಮೇಲೆ ಸಾಮಾನು ಹಳೇದಾಗುತ್ತೆ, ಬಿಸಾಕೋಕೆ ಮನಸ್ಸು ಬರಲ್ಲ. ಯಾರಿಗೋ ಹೊಟ್ಟೆ ಕೆಡುತ್ತೆ. ಅವರು ಬಂದು ಜಗಳ ಆಡಲ್ಲ, ಸುಮ್ನೆ ಬರೋದು ನಿಲ್ಲಿಸ್ತಾರೆ. ಮಾಲೀಕ ಕಣ್ಣು ಬಿತ್ತು ಅಂತ ಕೂತಿರ್ತಾನೆ."

ತಮ್ಮ ನೆಲ ನೋಡಿದ. ಅಕ್ಕನಿಗೆ ಆ ದುಃಖದಲ್ಲೂ ಒಂದು ಸಣ್ಣ ನಗು ತುಟಿಯವರೆಗೆ ಬಂದು ಹೋಯಿತು.

"ಮುಚ್ಚಿಸಿಬಿಡ್ತೀರಾ ಮೇಡಂ?" ಎಂದು ಕೇಳಿದಳು.

"ಎಲ್ಲ ಸರಿ ಮಾಡೋವರೆಗೆ ಮುಚ್ಚಿರಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಈ ಗ್ರೇವಿ ಪರೀಕ್ಷೆಗೆ ಸ್ವಲ್ಪ ತೊಗೊಂಡು ಹೋಗ್ತೀನಿ, ಉಳಿದದ್ದನ್ನ ನನ್ನೆದುರಿಗೇ ಚೆಲ್ಲಿ. ಸರಿ ಮಾಡಿ ಕರೀರಿ, ಬಂದು ನೋಡ್ತೀನಿ. ಎಷ್ಟೋ ಕಡೆ ನಾನು ಹೋಗೋಷ್ಟರಲ್ಲಿ ಪಾತ್ರೆ ತೊಳೆದು ಬೋರಲು ಹಾಕಿರ್ತಾರೆ. ನೀವು ಹಾಗೆ ಮಾಡಿಲ್ಲ. ಅದಕ್ಕೇ ಕಾರಣ ಇಷ್ಟು ಬೇಗ ಸಿಕ್ತು."

ಗ್ರೇವಿಯೆಲ್ಲ ಚೆಲ್ಲಿ ಹೋಗುವುದನ್ನು ನೋಡುವಾಗ ಅಕ್ಕನಿಗೆ ಹೊಟ್ಟೆ ಉರಿಯಬೇಕಿತ್ತು. ಆದರೆ ಎದೆಯ ಮೇಲಿದ್ದ ಕಲ್ಲೊಂದನ್ನು ಯಾರೋ ಇಳಿಸಿದ ಹಾಗೆ ಹಗುರವಾಯಿತು. ಇಷ್ಟು ದಿನ ಯಾಕೆ, ಯಾಕೆ ಎಂದು ನಿದ್ದೆಗೆಟ್ಟಿದ್ದಳು. ಈಗ ಕಾರಣ ಗೊತ್ತಾಗಿತ್ತು. ಗೊತ್ತಿರುವ ತಪ್ಪನ್ನು ತಿದ್ದಬಹುದು.

ಮರುದಿನದಿಂದ ಕೆಲಸ ಶುರುವಾಯಿತು. ದೊಡ್ಡ ಡಬರಿಯನ್ನು ಮಾರಿ ಸಣ್ಣ ಪಾತ್ರೆಗಳನ್ನೂ ಅಗಲ ತಟ್ಟೆಗಳನ್ನೂ ತಂದರು. ಆಯಾ ಹೊತ್ತಿಗೆ ಬೇಕಾದಷ್ಟೇ ಅಡುಗೆ. ಬಡಿಸುವವರೆಗೆ ಒಲೆಯ ಮೇಲೆ ಹಬೆಯಾಡುತ್ತಲೇ ಇರಬೇಕು. ಇಡಬೇಕಾದದ್ದನ್ನು ಅಗಲ ತಟ್ಟೆಗೆ ತೆಳ್ಳಗೆ ಸುರಿದು, ಬೇಗ ಆರಿಸಿ, ತಡಮಾಡದೆ ಫ್ರಿಜ್ಜಿಗೆ. ಹಳೆಯದನ್ನು ಹೊಸದಕ್ಕೆ ಬೆರೆಸುವಂತಿಲ್ಲ. ಹಸಿ ಮಾಂಸಕ್ಕೊಂದು ಹಲಗೆ, ಚಾಕು, ತರಕಾರಿಗೆ ಬೇರೆ. ನಲ್ಲಿಯ ಪಕ್ಕ ಸೋಪು, ಒರೆಸಲು ಒಗೆದ ಬಟ್ಟೆ. ಹೊಟ್ಟೆ ಕೆಟ್ಟವರು, ವಾಂತಿ ಆದವರು ಅಡುಗೆಮನೆಗೆ ಕಾಲಿಡುವಂತಿಲ್ಲ, ಅದು ಅಕ್ಕನೇ ಆದರೂ ಸರಿ. ದೊಡ್ಡಕೈ ಅಕ್ಕನಿಗೆ ಸಣ್ಣ ಪಾತ್ರೆ ಒಗ್ಗಲು ಸ್ವಲ್ಪ ದಿನ ಹಿಡಿಯಿತು. ಅಳತೆಗೆ ಅಕ್ಕಿ ತೆಗೆದುಕೊಂಡು, ಅಭ್ಯಾಸಬಲದಿಂದ ಇನ್ನೊಂದು ಹಿಡಿ ಹಾಕಲು ಕೈ ಮುಂದೆ ಹೋಗುತ್ತಿತ್ತು. ತನ್ನ ಕೈಗೆ ತಾನೇ ಒಂದು ಏಟು ಕೊಟ್ಟುಕೊಳ್ಳುತ್ತಿದ್ದಳು.

ತಮ್ಮನ ಕಷ್ಟ ಬೇರೆ. ಒದ್ದೆ ಬಟ್ಟೆ ಹಿಡಿದು ಬೋರ್ಡಿನ ಮುಂದೆ ನಿಂತವನು ನೂಡಲ್ಸನ್ನು ಅಳಿಸಿದ, ಮೀನಿನ ಹತ್ತಿರ ಬಂದು ನಿಂತುಬಿಟ್ಟ.

"ಇದೊಂದು ಇರಲಿ ಅಕ್ಕ."

"ಅಳಿಸೋ."

"ಯಾರಾದ್ರೂ ಕೇಳಿದ್ರೆ?"

"ಇಲ್ಲ ಅನ್ನು. ಎಲ್ಲಿ, ಒಂದ್ಸಲ ಹೇಳು ನೋಡೋಣ."

ತಮ್ಮ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಇಲ್ಲ," ಎಂದ ಕೊನೆಗೆ, ಕಹಿ ಮಾತ್ರೆ ನುಂಗಿದವನ ಹಾಗೆ. ಮೀನೂ ಹೋಯಿತು. ಬೋರ್ಡಿನಲ್ಲಿ ಬೆರಳೆಣಿಕೆಯ ಅಡುಗೆಗಳು ಉಳಿದವು, ಎಲ್ಲವೂ ಅಂದಂದೇ ಮಾಡಿ ಅಂದಂದೇ ಮುಗಿಯುವಂಥವು.

ಪರೀಕ್ಷೆಗೆ ಕಳಿಸಿದ ಗ್ರೇವಿಯಲ್ಲಿ ಕ್ರಿಮಿ ಸಿಕ್ಕಿತ್ತು. ಮೇಡಂ ಮತ್ತೆ ಬಂದು, ಕಡ್ಡಿ ಇಳಿಸಿ, ಫ್ರಿಜ್ಜು ತೆಗೆದು, ಹಲಗೆಗಳನ್ನು ತಿರುಗಿಸಿ ನೋಡಿ, "ಇನ್ನು ತೆಗೀಬಹುದು" ಎಂದರು. ಆ ಎರಡು ಪದಕ್ಕೆ ಅಕ್ಕ ಅವರ ಎರಡೂ ಕೈ ಹಿಡಿದುಕೊಂಡಳು. ಅವರ ಹತ್ತಿರವೇ ಕೇಳಿ ಅಂಥದ್ದೇ ಒಂದು ಥರ್ಮಾಮೀಟರನ್ನು ತಮ್ಮ ತಂದ. ದಿನಾ ಬೆಳಿಗ್ಗೆ ಅವನು ಪಾತ್ರೆ ಪಾತ್ರೆಗೂ ಅದನ್ನು ಇಳಿಸಿ ನೋಡುವ ಗಾಂಭೀರ್ಯಕ್ಕೆ ಅಕ್ಕ "ಬಂದ್ರಪ್ಪಾ ಡಾಕ್ಟರು" ಎಂದು ರೇಗಿಸುತ್ತಿದ್ದಳು.

ಬಾಗಿಲು ತೆಗೆದ ಮೊದಲ ಮಧ್ಯಾಹ್ನ ಯಾರೂ ಬರಲಿಲ್ಲ. ಅಕ್ಕ ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದಳು. ಊಟದ ಹೊತ್ತು ಮುಗಿಯುತ್ತಾ ಬಂದಾಗ ಬಾಗಿಲಲ್ಲಿ ಒಂದು ದೊಡ್ಡ ದನಿ ಕೇಳಿಸಿತು.

"ಅಡುಗೆಮನೆ ಎಲ್ಲಮ್ಮ? ಮೊದಲು ಅದನ್ನ ನೋಡ್ಬೇಕು."

ಅಜ್ಜಿ. ಹಿಂದೆ ಕೋಲೂರಿಕೊಂಡು ತಾತ, ಸ್ವಲ್ಪ ಸೊರಗಿದ್ದ, ಆದರೆ ತಾನೇ ನಡೆದುಕೊಂಡು ಬಂದಿದ್ದ.

"ಬನ್ನಿ ಅಜ್ಜಿ, ನೋಡಿ," ಎಂದಳು ಅಕ್ಕ. ಅಜ್ಜಿ ಮುಚ್ಚಳಗಳನ್ನೆಲ್ಲ ತೆಗೆದು ನೋಡಿದಳು, ಸೋಪು ಮುಟ್ಟಿ ಒದ್ದೆಯಾಗಿದೆಯೇ ಎಂದೂ ನೋಡಿದಳು. ಹೊರಗೆ ಬಂದು, ತಾತನನ್ನು ಕೈಸನ್ನೆಯಲ್ಲೇ ತಡೆದು, ತಾನು ಮೊದಲು ಕೂತು ಉಂಡಳು. ಪೂರ್ತಿ ಉಂಡು, ನೀರು ಕುಡಿದು, "ಹೂಂ, ಇವರಿಗೂ ಬಡಿಸು" ಎಂದಳು.

ತಾತನ ತಟ್ಟೆಗೆ ಹಬೆಯಾಡುವ ಗ್ರೇವಿ ಬಿತ್ತು. ಅವನು ಒಂದು ತುತ್ತು ಕಲಸಿ ಬಾಯಿಗಿಟ್ಟ. ಅಕ್ಕ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಹೇಗಿದೆ ತಾತ?"

ತಾತ ಹೆಂಡತಿಯ ಕಡೆ ನೋಡಿದ. ಅಜ್ಜಿ ಹುಬ್ಬು ಹಾರಿಸಿದಳು. ಅವನು ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರದ ಮಾತನ್ನು ಹೇಳುವವನ ಹಾಗೆ ಹೇಳಿದ: "ಉಪ್ಪು ಒಂಚೂರು ಜಾಸ್ತಿ ಆಗಿದೆ ಮಗಳೇ."

ಅಕ್ಕ ಗಳಗಳ ಅತ್ತುಬಿಟ್ಟಳು. ತಾತ ಗಾಬರಿಯಾಗಿ, "ಅಯ್ಯೋ, ಅಷ್ಟೇನಿಲ್ಲ, ಒಂದೇ ಒಂಚೂರು" ಎಂದು ತಡವರಿಸಿದ. ಅವಳು ಕಣ್ಣೊರೆಸಿಕೊಂಡು ನಗುತ್ತಾ, "ಹೇಳಿದ್ರಲ್ಲ ತಾತ, ಅಷ್ಟು ಸಾಕು ನನಗೆ. ಇನ್ಮೇಲೆ ದಿನಾ ಹೀಗೇ ಹೇಳಿ" ಎಂದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಹೊಸ ಹೋಟೆಲು ತೆಗೆಯುವವರಿದ್ದರೆ ಕೈರುಚಿಯೊಂದನ್ನೇ ನಂಬಬೇಡಿ. ನಾಲ್ಕೇ ಅಡುಗೆ ಮಾಡಿ, ಅಂದಂದೇ ಮಾಡಿ. ಬಿಸಿ ಊಟ ಅರವತ್ತು ಡಿಗ್ರಿಗಿಂತ ಮೇಲೇ ಇರಲಿ, ತಣ್ಣಗಿಡುವುದು ಐದು ಡಿಗ್ರಿಗಿಂತ ಕೆಳಗಿರಲಿ, ಉಗುರುಬೆಚ್ಚಗೆ ಮಾತ್ರ ಬಿಡಬೇಡಿ. ಪರವಾನಗಿ ಮಾಡಿಸಿಕೊಳ್ಳಿ, ಕೈಗೆ ಸೋಪು ಹಚ್ಚಿ, ಅಧಿಕಾರಿ ಬಂದರೆ ಪಾತ್ರೆ ಬಚ್ಚಿಡದೆ ಮುಚ್ಚಳ ತೆಗೆದು ತೋರಿಸಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬಡಿಸುವವರೂ ಅದನ್ನು ಬಲ್ಲವರಾಗಬೇಕು.

ಇನ್ನು ನೀವು ಉಣ್ಣುವವರಾಗಿದ್ದರೆ, ಹೊರಗೆ ಉಂಡು ಹೊಟ್ಟೆ ಕೆಟ್ಟಾಗ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳಬೇಡಿ. ಡಾಕ್ಟರಿಗೆ ಹೇಳಿ, ಬಡಿಸಿದವರಿಗೂ ಹೇಳಿ. ನಿಮ್ಮ ಒಂದು ಮಾತಿನಿಂದ ಯಾರದೋ ಮನೆಯ ಹಿರಿಯ ಜೀವ ಉಳಿಯಬಹುದು, ಯಾರದೋ ಒಲೆಯೂ ಆರದೆ ಉಳಿಯಬಹುದು.